ಕಾಗದದ ಜೊತೆಗೆ ಕಟ್ಟಡವನ್ನೂ ಪರಿಶೀಲಿಸುವ ಪದ್ಧತಿ ಬರಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ದಾವಣಗೆರೆಯಲ್ಲಿ ಕಟ್ಟಿದ ಮನೆಯೊಂದನ್ನು ಕೊಳ್ಳಲು ಹೊರಟವರು ಕಾಗದಪತ್ರಗಳ ವಿಷಯದಲ್ಲಿ ತೋರುವ ಎಚ್ಚರವನ್ನು ಕಟ್ಟಡದ ವಿಷಯದಲ್ಲಿ ತೋರುವುದಿಲ್ಲ. ಋಣಭಾರ ಪ್ರಮಾಣಪತ್ರ, ಇ-ಖಾತೆ, ಕಂದಾಯದ ರಸೀದಿ, ಭೂಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ ಎಲ್ಲವನ್ನೂ ವಕೀಲರ ಮುಂದಿಟ್ಟು ಹಿಂದಿನ ಮಾಲೀಕರು ಯಾರು, ಅವರ ಹಿಂದಿನವರು ಯಾರು ಎಂದು ದಶಕಗಳಷ್ಟು ಹಿಂದಕ್ಕೆ ಹೋಗಿ ವಿಚಾರಿಸುತ್ತಾರೆ. ವಾಸ್ತು ನೋಡುವವರು ದಿಕ್ಸೂಚಿ ಹಿಡಿದು ಬಂದು ಅಡುಗೆಮನೆ ಆಗ್ನೇಯದಲ್ಲಿದೆಯೇ ಎಂದು ಹೇಳಿ ಹೋಗುತ್ತಾರೆ. ಆದರೆ ಅದೇ ಅಡುಗೆಮನೆಯ ಪ್ಲಗ್ಗಿಗೆ ಅರ್ತಿಂಗ್ ಇದೆಯೇ, ಮೇಲಿನ ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದಿದೆಯೇ ಎಂದು ನೋಡಲು ಯಾರನ್ನೂ ಕರೆಯುವುದಿಲ್ಲ. ಬ್ಯಾಂಕಿನ ಮೌಲ್ಯಮಾಪಕರು ಬಂದು ಹೋದರೆ ತಪಾಸಣೆ ಮುಗಿಯಿತೆಂದು ಭಾವಿಸುವವರೂ ಬಹಳ ಮಂದಿ ಇದ್ದಾರೆ. ಕೊಡುವ ಸಾಲಕ್ಕೆ ಆಸ್ತಿಯ ಬೆಲೆ ಸಾಕಷ್ಟು ಆಧಾರವಾಗುತ್ತದೆಯೇ ಎಂದು ಬ್ಯಾಂಕಿಗೆ ತಿಳಿಸುವುದಷ್ಟೇ ಅವರ ಕೆಲಸ. ಬಚ್ಚಲುಮನೆ ಸೋರುತ್ತದೆಯೇ ಎಂಬುದು ಅವರು ಉತ್ತರಿಸಬೇಕಾದ ಪ್ರಶ್ನೆಯಲ್ಲ.

ಸಿವಿಲ್ ಎಂಜಿನಿಯರಾಗಿ ಕೆಲಸ ಮಾಡಿ ನಿವೃತ್ತನಾದ ಮೇಲೆ ಬಂಧುಗಳು, ಪರಿಚಿತರು ಆಗಾಗ ಮನೆ ನೋಡಲು ನನ್ನನ್ನು ಕರೆದೊಯ್ಯುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಆ ಹೊತ್ತಿಗೆ ಮುಂಗಡ ಕೊಟ್ಟಾಗಿರುತ್ತದೆ. ನಾನು ಏನು ಹೇಳಿದರೂ ಅದು ಕೊಳ್ಳುವವರಿಗೆ ಚಿಂತೆಯಾಗುತ್ತದೆಯೇ ಹೊರತು ವ್ಯವಹಾರದಲ್ಲಿ ನೆರವಿಗೆ ಬರುವುದಿಲ್ಲ.

ನಮ್ಮ ಭಾಗದಲ್ಲಿ ಈ ತಪಾಸಣೆಗೆ ವಿಶೇಷ ಕಾರಣವೊಂದಿದೆ. ಭದ್ರಾ ನಾಲೆಯ ನೀರುಂಡ ಹೊಲಗದ್ದೆಗಳೇ ಹಲವು ಕಡೆ ಬಡಾವಣೆಗಳಾಗಿವೆ, ಮತ್ತು ಅವುಗಳಲ್ಲಿ ಎರೆ ಮಣ್ಣಿನ ನೆಲ ಸಾಕಷ್ಟಿದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ತಳಪಾಯವನ್ನು ಅದಕ್ಕೆ ತಕ್ಕಂತೆ ಮಾಡಿರದಿದ್ದರೆ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಚಿತ್ರದುರ್ಗದಲ್ಲಿ ಬಂಡೆಯ ಮೇಲೆ ಮನೆ ಕಟ್ಟಿದವರಿಗೆ ಈ ಚಿಂತೆಯಿಲ್ಲ. ಇಂಥ ಬಿರುಕು ಬೇಸಿಗೆಯಲ್ಲಿ ಅಗಲವಾಗಿ, ಮಳೆ ಹಿಡಿದ ಮೇಲೆ ಮುಚ್ಚಿಕೊಳ್ಳುವಂತೆ ಕಾಣುತ್ತದೆ. ಸೋರಿಕೆಯದು ಇದಕ್ಕೆ ವಿರುದ್ಧ: ಆಗಸ್ಟಿನಲ್ಲಿ ಎದ್ದು ಕಾಣುವುದು ಏಪ್ರಿಲಿನಲ್ಲಿ ಸುಳಿವೇ ಕೊಡುವುದಿಲ್ಲ. ಎರಡೂ ಕಾಲದಲ್ಲಿ ಬಂದು ನೋಡುವಷ್ಟು ವ್ಯವಧಾನ ಯಾವ ವ್ಯವಹಾರಕ್ಕೂ ಇರುವುದಿಲ್ಲವಾದ್ದರಿಂದ, ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದೇ ಗೋಡೆಗೆ ಹೊಸ ಪುಟ್ಟಿ ಬಳಿದಿದ್ದರೆ ಅಲ್ಲಿ ನಿಂತು ಕಾರಣ ಕೇಳಬೇಕು. ಭಾರತೀಯ ಮಾನಕ ಸಂಸ್ಥೆಯ ಕೈಪಿಡಿ 1 ಮಿಲಿಮೀಟರಿಗಿಂತ ಕಿರಿದಾದ ಬಿರುಕನ್ನು ತೆಳುವೆಂದೂ 2 ಮಿಲಿಮೀಟರಿಗಿಂತ ಹೆಚ್ಚಿನದನ್ನು ಅಗಲವೆಂದೂ ವಿಂಗಡಿಸುತ್ತದೆ. ಅಗಲಕ್ಕಿಂತಲೂ ಅದು ಇನ್ನೂ ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿಟ್ಟು, ಅದು ಒಡೆಯುತ್ತದೆಯೇ ಎಂದು ಕಾಯುವ ಹಳೆಯ ವಿಧಾನ ಈಗಲೂ ಕೆಲಸ ಮಾಡುತ್ತದೆ.

ಉಪಕರಣಗಳ ವಿಷಯಕ್ಕೆ ಬಂದರೆ, ಇತ್ತೀಚೆಗೆ ದೊಡ್ಡ ನಗರಗಳಲ್ಲಿ ಮನೆ ತಪಾಸಣೆಯನ್ನೇ ಉದ್ಯೋಗ ಮಾಡಿಕೊಂಡವರು ಥರ್ಮಲ್ ಕ್ಯಾಮೆರಾ, ತೇವಾಂಶ ಮಾಪಕ, ರಿಬೌಂಡ್ ಹ್ಯಾಮರ್‌ಗಳನ್ನು ತಂದು ಬಣ್ಣಬಣ್ಣದ ವರದಿ ಕೊಡುತ್ತಾರೆ. ಇವು ಉಪಯುಕ್ತವೇ, ಆದರೆ ಇವುಗಳ ಮಿತಿಯನ್ನು ಕೊಳ್ಳುವವರು ತಿಳಿದಿರಬೇಕು. ಥರ್ಮಲ್ ಕ್ಯಾಮೆರಾ ನೀರನ್ನು ನೋಡುವುದಿಲ್ಲ, ಗೋಡೆಯ ಮೇಲ್ಮೈಯ ಉಷ್ಣತೆಯ ವ್ಯತ್ಯಾಸವನ್ನಷ್ಟೇ ನೋಡುತ್ತದೆ. ತಣ್ಣಗೆ ಕಂಡ ಜಾಗ ಒದ್ದೆಯೇ ಎಂಬುದನ್ನು ಮಾಪಕದಿಂದ ಖಚಿತಪಡಿಸಿಕೊಳ್ಳಬೇಕು. ಆ ಮಾಪಕವೂ ಉಪ್ಪು ಬಿಟ್ಟ ಗೋಡೆಯ ಮೇಲೆ ಇಲ್ಲದ ತೇವವನ್ನು ತೋರಿಸಬಲ್ಲದು. ರಿಬೌಂಡ್ ಹ್ಯಾಮರ್ ಅಳೆಯುವುದು ಕಾಂಕ್ರೀಟಿನ ಮೇಲ್ಮೈ ಗಡಸುತನವನ್ನು. ಅದರಿಂದ ಹೇಳುವ ಬಲದ ಅಂದಾಜಿನಲ್ಲಿ ಶೇ 25ರಷ್ಟು ಹೆಚ್ಚುಕಡಿಮೆ ಇರಬಹುದೆಂದು ಆ ಪರೀಕ್ಷೆಗಾಗಿ 1992ರಲ್ಲಿ ಬಂದ ಭಾರತೀಯ ಮಾನಕವೇ ಹೇಳಿತ್ತು. ಗಿಲಾವಿನ ಮೇಲೆಯೇ ಹೊಡೆದು ಅಂಕಿ ಬರೆದುಕೊಂಡರೆ ಅದು ಗಿಲಾವಿನ ಅಂಕಿ. ಪ್ಲಗ್ಗಿಗೆ ಚುಚ್ಚಿ ನೋಡುವ ಮೂರು ದೀಪದ ಟೆಸ್ಟರ್ ತಂತಿಗಳ ಜೋಡಣೆ ಸರಿಯಿದೆಯೇ ಎಂಬುದನ್ನು ಮಾತ್ರ ಹೇಳುತ್ತದೆ, ಅರ್ತಿಂಗ್ ಗುಂಡಿ ಒಣಗಿದೆಯೇ ಎಂಬುದಕ್ಕೆ ಬೇರೆಯೇ ಮೀಟರ್ ಬೇಕು.

ಇದಕ್ಕೆ ಹೋಲಿಸಿದರೆ ಮೇಸ್ತ್ರಿಯ ಚೀಲದಲ್ಲಿರುವ ರಸಮಟ್ಟ, ತೂಕದ ಗುಂಡು, ಟೈಲ್ಸ್ ಮೇಲೆ ತಟ್ಟಿ ಪೊಳ್ಳು ಸದ್ದು ಕೇಳಲು ಒಂದು ನಾಣ್ಯ, ಬಚ್ಚಲುಮನೆಯ ಹೊರದಾರಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ಕೆಳಗಿನ ಕೋಣೆಯ ಚಾವಣಿ ನೋಡುವುದು, ಇವು ಅಗ್ಗವಾಗಿಯೂ ಹೆಚ್ಚು ವಿಷಯವನ್ನು ಹೇಳುತ್ತವೆ. ಮನೆಗೆ ಕೊಳವೆಬಾವಿಯ ನೀರೇ ಆಧಾರವಾಗಿದ್ದರೆ ಪ್ರಯೋಗಾಲಯದಲ್ಲಿ ಫ್ಲೋರೈಡ್ ಪರೀಕ್ಷೆ ಮಾಡಿಸುವುದನ್ನು ಮರೆಯಬಾರದು. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯುವ ನೀರಿನ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯಲಾಗದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ಮರೆಮಾಚಿದರೆ ಅದು ವಂಚನೆ. ಆದರೆ ತೊಡಕಿರುವುದೂ ಇಲ್ಲಿಯೇ. ತಪಾಸಣೆಯನ್ನೇ ಮಾಡಿಸದವರಿಗೆ 'ನೋಡಿದ್ದರೆ ನಿಮಗೇ ಕಾಣುತ್ತಿತ್ತು' ಎಂಬ ಉತ್ತರ ಸಿದ್ಧವಾಗಿರುತ್ತದೆ, ಮೇಲಾಗಿ ಕ್ರಯಪತ್ರದಲ್ಲಿ ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿದ್ದೇವೆಂಬ ಸಾಲಿಗೆ ಅವರೇ ಸಹಿ ಹಾಕಿರುತ್ತಾರೆ. 2016ರ ರೇರಾ ಕಾಯ್ದೆ, ಅಂದರೆ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಮನೆ ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಂಡುಬರುವ ರಚನಾ ದೋಷವನ್ನು ನಿರ್ಮಾಣ ಮಾಡಿದವರೇ ಉಚಿತವಾಗಿ ಸರಿಪಡಿಸಬೇಕೆನ್ನುತ್ತದೆ. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ ಅದರಲ್ಲಿ ನೋಂದಣಿಯೇ ಬೇಕಿಲ್ಲ. ಒಬ್ಬರು ವಾಸವಿದ್ದ ಬಿಡಿ ಮನೆಯನ್ನು ಇನ್ನೊಬ್ಬರಿಗೆ ಮಾರುವಾಗಲಂತೂ ಅದರ ನೆರವು ಸಿಗದು.

ಅಮೆರಿಕದಲ್ಲಿ ಮನೆ ತಪಾಸಕರ ಸಂಘ 1976ರಲ್ಲೇ ಹುಟ್ಟಿದೆ. ಅಲ್ಲಿನ ಖರೀದಿ ಕರಾರುಗಳಲ್ಲಿ ತಪಾಸಣೆಗೆಂದು ಕೆಲವು ದಿನಗಳ ಅವಕಾಶವಿಟ್ಟು, ವರದಿ ನೋಡಿ ಹಿಂದೆ ಸರಿಯುವ ಹಕ್ಕನ್ನು ಕೊಳ್ಳುವವರಿಗೆ ಕೊಡುವುದು ರೂಢಿ. ನಾವು ಅನುಕರಿಸಬೇಕಾದದ್ದು ಅವರ ಉಪಕರಣಗಳಿಗಿಂತ ಹೆಚ್ಚಾಗಿ ಕರಾರಿನ ಆ ಸಾಲನ್ನು. ಮುಂಗಡ ಕೊಟ್ಟ ಹದಿನೈದು ದಿನಗಳೊಳಗೆ ಕೊಳ್ಳುವವರು ತಮ್ಮ ಖರ್ಚಿನಲ್ಲಿ ಎಂಜಿನಿಯರರಿಂದ ತಪಾಸಣೆ ಮಾಡಿಸಬಹುದು, ದೊಡ್ಡ ದೋಷ ಕಂಡರೆ ಮಾರುವವರು ಸರಿಪಡಿಸಿಕೊಡಬೇಕು ಅಥವಾ ಬೆಲೆ ತಗ್ಗಿಸಬೇಕು, ಎರಡೂ ಆಗದಿದ್ದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು ಎಂದು ಕ್ರಯದ ಕರಾರಿನಲ್ಲಿ ಬರೆಸಲು ಯಾವ ಹೊಸ ಕಾನೂನೂ ಬೇಕಿಲ್ಲ. 'ಬೇರೆ ಗಿರಾಕಿ ಕಾಯುತ್ತಿದ್ದಾರೆ' ಎಂದು ದಲ್ಲಾಳಿಗಳು ಅವಸರಪಡಿಸುತ್ತಾರೆ, ನಿಜ. ಮನೆ ಚೆನ್ನಾಗಿದ್ದರೆ ಹದಿನೈದು ದಿನ ಕಾಯುವುದರಿಂದ ಮಾರುವವರಿಗೆ ನಷ್ಟವೇನೂ ಇಲ್ಲ.

ನಗರದಲ್ಲಿ 1951ರಲ್ಲಿ ಶುರುವಾದ ಯುಬಿಡಿಟಿ, 1979ರಲ್ಲಿ ಶುರುವಾದ ಬಿಐಇಟಿ ಎಂಬ ಎರಡು ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಅವುಗಳ ಸಿವಿಲ್ ವಿಭಾಗಗಳು ಮತ್ತು ನಗರಾಭಿವೃದ್ಧಿ ಪ್ರಾಧಿಕಾರ ಸೇರಿ ಎರೆ ಮಣ್ಣಿನ ಬಡಾವಣೆಗಳನ್ನು ಗಮನದಲ್ಲಿಟ್ಟು ಕನ್ನಡದಲ್ಲಿ ಒಂದು ತಪಾಸಣಾ ನಮೂನೆಯನ್ನು ಸಿದ್ಧಪಡಿಸಲಿ ಎಂಬುದು ನನ್ನ ಕೋರಿಕೆ. ಯಾವುದನ್ನು ನೋಡಲಾಯಿತು ಎಂಬುದರ ಜೊತೆಗೆ ಯಾವುದನ್ನು ನೋಡಲಾಗಲಿಲ್ಲ, ಏಕೆ ಎಂಬುದಕ್ಕೂ ಅದರಲ್ಲಿ ಸ್ಥಳವಿರಲಿ. ತಪಾಸಕರ ಶುಲ್ಕವನ್ನು ದಲ್ಲಾಳಿಯಾಗಲಿ ಮಾರುವವರಾಗಲಿ ಕೊಡದೆ ಕೊಳ್ಳುವವರೇ ನೇರವಾಗಿ ಕೊಡಬೇಕು, ವರದಿಯೂ ಮೊದಲು ಅವರ ಕೈಗೇ ಸೇರಬೇಕು.

ಇಂತಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್,
ವಿದ್ಯಾನಗರ, ದಾವಣಗೆರೆ