ಕಾರಿನ ಎ.ಸಿ.ಯನ್ನು ತಾವೇ ಸರಿಪಡಿಸಿಕೊಳ್ಳುವ ಸದಸ್ಯರ ಗಮನಕ್ಕೆ

ಗುಂಪಿನ ಸದಸ್ಯರಿಗೆ ನಮಸ್ಕಾರ. ಬೇಸಿಗೆ ಬರುತ್ತಿದ್ದಂತೆ ಎ.ಸಿ. ತಂಪಾಗುತ್ತಿಲ್ಲವೆಂಬ ಪ್ರಶ್ನೆಗಳು ಹೆಚ್ಚಿರುವುದರಿಂದ ಈ ಸೂಚನೆ.

ಗಾಳಿಯೇ ಕಡಿಮೆ ಬರುತ್ತಿದ್ದರೆ, ಗ್ಯಾಸ್ ತುಂಬಿಸಲು ಓಡುವ ಮೊದಲು, ಬಹುತೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸ್‌ನ ಹಿಂದಿರುವ ಕ್ಯಾಬಿನ್ ಫಿಲ್ಟರನ್ನು (ಒಳಬರುವ ಗಾಳಿಯನ್ನು ಸೋಸುವ ಜಾಳಿಗೆ) ಹೊರತೆಗೆದು ನೋಡಿ. ಧೂಳು ಕಟ್ಟಿದ್ದರೆ ಬದಲಾಯಿಸಿ, ಹೊಸದರ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೇ ಇರುವಂತೆ ಕೂರಿಸಿ. ಗಾಳಿ ಜೋರಾಗಿದ್ದೂ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ತಂಪು ಇಳಿದು, ಕಾರು ಓಡತೊಡಗಿದೊಡನೆ ಸರಿಹೋಗುತ್ತಿದ್ದರೆ, ರೇಡಿಯೇಟರ್‌ನ ಮುಂದಿರುವ, ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರ್‌ಗೆ ಕೆಸರು ಮೆತ್ತಿರಬಹುದು ಅಥವಾ ಅದರ ಫ್ಯಾನ್ ತಿರುಗದೆ ಇರಬಹುದು. ಎಂಜಿನ್ ಆರಿಸಿ, ತಣಿದ ಮೇಲೆ ಸಾಧಾರಣ ಪೈಪಿನ ನೀರಿನಿಂದಲೇ ಕಂಡೆನ್ಸರನ್ನು ತೊಳೆಯಬೇಕು. ರಭಸದ ನೀರು ಅದರ ತೆಳು ಅಲ್ಯೂಮಿನಿಯಂ ರೆಕ್ಕೆಗಳನ್ನು ಮಡಚಿಬಿಡುತ್ತದೆ (ಒಮ್ಮೆ ಹಾಗೆ ಮಾಡಿಕೊಂಡು, ಅವನ್ನು ನೆಟ್ಟಗೆ ಮಾಡುವುದರಲ್ಲೇ ನನ್ನ ಅರ್ಧ ಭಾನುವಾರ ಕಳೆದಿದೆ).

ಗ್ಯಾಸ್ ಪೈಪುಗಳನ್ನು ಮಾತ್ರ ಯಾರೂ ಬಿಚ್ಚಬಾರದು. ಅನೇಕ ಕಾರುಗಳಲ್ಲಿರುವ ಆರ್-134ಎ ಎಂಬ ಎ.ಸಿ. ಗ್ಯಾಸ್ ಸುಮಾರು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ, ಅದು ಚಿಮ್ಮಿದರೆ ಚರ್ಮವೂ ಕಣ್ಣೂ ಹೆಪ್ಪುಗಟ್ಟಿ ಗಾಯವಾಗಬಹುದು. ವರ್ಷವರ್ಷವೂ ಗ್ಯಾಸ್ ತುಂಬಿಸಬೇಕಾಗಿ ಬರುತ್ತಿದ್ದರೆ ಎಲ್ಲೋ ಸೋರಿಕೆಯಿದೆಯೆಂದೇ ಅರ್ಥ. ತುಂಬಿಸುವ ಮೊದಲು ಅದನ್ನು ಹುಡುಕಿಸಿ.