ಉಯಿಲು ಬರೆಯುವ ದಿನವೇ ಮನಃಶಾಸ್ತ್ರಜ್ಞರ ನೆರವಿರಲಿ

ಮಾನ್ಯ ಸಂಪಾದಕರೆ,

ಕಾಫಿ ತೋಟದ ಉಯಿಲನ್ನು ಪ್ರಶ್ನಿಸಿ ಬರುವ ದಾವೆಗಳಲ್ಲಿ ಪದೇ ಪದೇ ಕೇಳುವ ವಾದವೊಂದಿದೆ: ಆಸ್ತಿಯನ್ನೆಲ್ಲ ಒಬ್ಬ ಮಗನಿಗೆ ಬರೆದಾಗ ತಂದೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಅಷ್ಟರಲ್ಲಿ ತಂದೆ ತೀರಿಕೊಂಡಿರುತ್ತಾರೆ. ನ್ಯಾಯಾಲಯದ ಮುಂದೆ ಉಳಿಯುವುದು ಪತ್ರದ ಕೊನೆಯಲ್ಲಿ ವೈದ್ಯರು ಬರೆದುಕೊಟ್ಟ ‘ಸ್ವಸ್ಥಚಿತ್ತರಾಗಿದ್ದಾರೆ’ ಎಂಬ ಒಂದು ಸಾಲು, ಅದರ ಮೇಲೊಂದು ಮೊಹರು ಮತ್ತು ಸರಿಯಾಗಿ ನೆನಪಿಲ್ಲದ ಸಾಕ್ಷಿಗಳು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮು ಉಯಿಲು ಬರೆಯುವವರು ಸ್ವಸ್ಥಚಿತ್ತರಾಗಿರಬೇಕು ಎನ್ನುತ್ತದೆ. ಚಿತ್ತಸ್ವಾಸ್ಥ್ಯ ಕಳೆದುಕೊಂಡವರೂ ಅದು ಮರಳಿದ ಅವಧಿಯಲ್ಲಿ ಬರೆಯಬಹುದು ಎಂದೂ ಹೇಳುತ್ತದೆ. ಅಂದರೆ ಆ ದಿನ, ಆ ಹೊತ್ತಿನಲ್ಲಿ ಅವರ ಮನಸ್ಸು ಹೇಗಿತ್ತು ಎಂಬುದೇ ಮುಖ್ಯ. ಉಯಿಲಿನ ಸುತ್ತ ಸಂಶಯವಿದ್ದರೆ ಅದನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದು ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಂದು ಸಾಲಿನ ಪ್ರಮಾಣಪತ್ರದಿಂದ ಆ ಸಂಶಯ ಹೋಗುವುದಾದರೂ ಹೇಗೆ?

ಚಿಕಿತ್ಸಾ ಮನಃಶಾಸ್ತ್ರಜ್ಞರು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದು. ಲಾಭ ಪಡೆಯುವವರನ್ನು ಕೋಣೆಯಿಂದ ಹೊರಗಿರಿಸಿ, ಹಿರಿಯರೊಡನೆ ಅವರಿಗೆ ಒಗ್ಗುವ ಭಾಷೆಯಲ್ಲಿ, ಅದು ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ಸಾವಧಾನವಾಗಿ ಮಾತನಾಡಬೇಕು. ಒಕ್ಕದ (ಕೊಡವರ ಕೂಡುಮನೆತನದ) ಜಮ್ಮಾ ಭೂಮಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನು, ಯಾವುದು, ಸ್ವಂತ ಸಂಪಾದನೆಯ ತೋಟ ಯಾವುದು, ಮಕ್ಕಳೆಷ್ಟು, ಯಾರಿಗೆ ಪಾಲಿಲ್ಲ ಮತ್ತು ಏಕೆ ಎಂದು ಕೇಳಿ, ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಜೊತೆಗೆ ನೆನಪು ಮತ್ತು ಗಮನದ ಪರೀಕ್ಷೆಗಳನ್ನೂ ನಡೆಸಬೇಕು. ಇಂದಿನ ತಾರೀಕು ಹೇಳಲಾಗದ ಅಜ್ಜಿಯೊಬ್ಬರು ಗದ್ದೆಯನ್ನು ಮಗಳಿಗೇ ಏಕೆ ಕೊಡುತ್ತಿದ್ದೇನೆ ಎಂಬುದನ್ನು ತಡವರಿಸದೆ ಹೇಳಬಲ್ಲರು. ಎಲ್ಲದಕ್ಕೂ ಚೆನ್ನಾಗಿ ತಲೆಯಾಡಿಸುವ ಹಿರಿಯರಿಗೆ ತಾವು ಸಹಿ ಹಾಕುತ್ತಿರುವುದು ಯಾವುದಕ್ಕೆಂದೇ ತಿಳಿಯದಿರಬಹುದು. ಈ ವ್ಯತ್ಯಾಸವನ್ನು ಗುರುತಿಸುವ ತರಬೇತಿ ಮನಃಶಾಸ್ತ್ರಜ್ಞರಿಗಿದೆ.

ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ಎಣಿಸಬಾರದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಹೇಳುತ್ತದೆ. ತಜ್ಞರ ವರದಿ ತೀರ್ಪಲ್ಲ, ಸಾಕ್ಷ್ಯವಷ್ಟೆ, ತೀರ್ಮಾನ ನ್ಯಾಯಾಧೀಶರದೇ. ಆದರೆ ವ್ಯಕ್ತಿ ಬದುಕಿದ್ದಾಗ ದಾಖಲಾದ ವರದಿಗೂ, ಸತ್ತ ಮೇಲೆ ಹಳೆಯ ಔಷಧಿ ಚೀಟಿಗಳನ್ನು ನೋಡಿ ಕೊಡುವ ಅಭಿಪ್ರಾಯಕ್ಕೂ ಬಹಳ ಅಂತರವಿದೆ.

ಆದ್ದರಿಂದ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇಂತಹ ಪರೀಕ್ಷೆಗೆಂದೇ ವಾರದಲ್ಲೊಂದು ದಿನ ಮೀಸಲಿಟ್ಟು, ಅದಕ್ಕೆ ಶುಲ್ಕ ನಿಗದಿಪಡಿಸಬೇಕು. ಹಾಸಿಗೆ ಹಿಡಿದವರ ಮನೆಗೇ ಹೋಗುವ ಏರ್ಪಾಡೂ ಇರಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮತ್ತು ವಕೀಲರ ಸಂಘಗಳು ಈ ಬೇಡಿಕೆಯನ್ನು ಸರ್ಕಾರದ ಮುಂದಿಡಬೇಕೆಂದು ಕೋರುತ್ತೇನೆ.

– ವಕೀಲರೊಬ್ಬರು, ವಿರಾಜಪೇಟೆ