ಕೇಳುವುದು ಅಂದರೆ ಬರೀ ಹೆದರುವುದಲ್ಲ

ಸಂಪಾದಕರೇ,

ಹಳೆಯ ಇಸ್ರಾಯೇಲರ ಧರ್ಮವೆಂದರೆ ‘ಹೇಳಿದ್ದು ಮಾಡು, ಇಲ್ಲವಾದರೆ ಶಿಕ್ಷೆ’ ಎಂದು ಓದುಗರೊಬ್ಬರು ಬರೆದಿದ್ದರು. ಶಿಕ್ಷೆ, ಶಾಪ ಇರುವುದು ನಿಜ. ಆದರೆ ಅಷ್ಟೇ ಅಲ್ಲ.

ಬೈಬಲಿನಲ್ಲಿ ದೇವರು ಇಸ್ರಾಯೇಲರಿಗೆ ಕೊಟ್ಟ ಹತ್ತು ಆಜ್ಞೆಗಳ ಮೊದಲ ಸಾಲು ಆಜ್ಞೆಯ ಧಾಟಿಯಲ್ಲೇ ಇಲ್ಲ. ಈಜಿಪ್ಟಿನ ದಾಸತ್ವದಿಂದ ಬಿಡಿಸಿದವನು ನಾನು ಎಂಬ ದೇವರ ಮಾತು ಮೊದಲು ಬರುತ್ತದೆ, ಕರಾರು ಆಮೇಲೆ. ಇಂದಿನ ಟರ್ಕಿ ಭಾಗವನ್ನು ಹಿಂದೆ ಆಳಿದ ಹಿಟ್ಟೈಟ್ ಅರಸರ ಒಪ್ಪಂದಗಳೂ ಹೀಗೇ, ಮಾಡಿದ ಉಪಕಾರ ಮೊದಲು, ಷರತ್ತು ನಂತರ. ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲರ ಮುಖಂಡ ಮೋಶೆ ದೇವರ ಜೊತೆಗಿನ ಈ ಒಡಂಬಡಿಕೆಯನ್ನು ಜನರೆದುರು ಓದಿದ. ಅವರು ಒಪ್ಪಿದ ಮೇಲೆಯೇ ಅವರ ಮೇಲೆ ಬಲಿಯ ರಕ್ತ ಚಿಮುಕಿಸಿದ. 7 ವರ್ಷಕ್ಕೊಮ್ಮೆ ಹೆಂಗಸರು, ಮಕ್ಕಳು, ಪರಊರಿನವರು ಎಲ್ಲರನ್ನೂ ಕೂಡಿಸಿ ಅದನ್ನು ಓದಬೇಕಿತ್ತು. ನನ್ನ ಹೊಲದ ಲಾವಣಿ ಪತ್ರವನ್ನು ನಾನೇ ಪೂರ್ತಿ ಓದಿಲ್ಲ, ಬಿಡಿ!

ಹೀಬ್ರೂವಿನ ‘ಶಮಾ’ ಪದಕ್ಕೆ ಕೇಳು, ಪಾಲಿಸು ಎರಡೂ ಅರ್ಥ. ನಮ್ಮವ್ವ ‘ಹೇಳಿದ ಮಾತು ಕೇಳು’ ಅನ್ನುತ್ತಿದ್ದಳಲ್ಲ, ಅದೇ ‘ಕೇಳು’. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇನ್ನೊಂದು. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂಬುದೂ ಆ ಕಾನೂನಿನಲ್ಲಿದೆ. ವಾರದ ಬಿಡುವು ಎತ್ತು, ಕತ್ತೆಗಳಿಗೂ ಉಂಟು. ಸೋಮವಾರ ಎತ್ತಿಗೆ ನೊಗ ಹೂಡದ ನಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿದ್ದರೆ ಖುಷಿಪಡುತ್ತಿದ್ದ.

– ಒಬ್ಬ ನಿವೃತ್ತ ಶಿಕ್ಷಕ, ಬಸವನ ಬಾಗೇವಾಡಿ, ವಿಜಯಪುರ ಜಿಲ್ಲೆ